ಬಾಗಿಲಲ್ಲಿ ತಿರುಗಿ ನೋಡಬಾರದು

ಫೆಬ್ರವರಿ 4

ಅಮ್ಮನಿಗೆ,

ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕೊನೆಯ ಸಲ ನೀನು, "ಇನ್ಮೇಲೆ ಏನಾದ್ರೂ ಹೇಳೋದಿದ್ರೆ ಬರೆದು ಕಳ್ಸು. ಬರೆಯೋವಾಗ್ಲಾದ್ರೂ ಯೋಚ್ನೆ ಮಾಡ್ತೀಯ" ಎಂದು ಫೋನ್ ಇಟ್ಟೆಯಲ್ಲ, ಅದಕ್ಕೇ ಈ ಕಾಗದ. ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ. ಇದು ನಾಲ್ಕನೇ ಹಾಳೆ, ಮೂರನ್ನು ಹರಿದು ಹಾಕಿದೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಖಾಯಂ ಆಯಿತು. ಸಂಜೆ ಬಂದು ಒಂದು ಕಂಪ್ಯೂಟರ್ ಆಟ ಮಾಡುತ್ತಿದ್ದೇನೆ. ಆಡುವುದಲ್ಲ, ಮಾಡುವುದು. ನೀನು ಹುಬ್ಬು ಗಂಟಿಕ್ಕಿದ್ದು ಇಲ್ಲಿಗೇ ಕಾಣುತ್ತಿದೆ. ಪೂರ್ತಿ ಕೇಳು.

ಒಂದು ಚಿಕ್ಕ ಮನೆ. ಹತ್ತು ನಿಮಿಷದಲ್ಲಿ ನೆಂಟರು ಬರುತ್ತಾರೆ, ಅಷ್ಟರೊಳಗೆ ಮನೆ ಚೊಕ್ಕಟವಾಗಬೇಕು. ತೊಂದರೆ ಏನೆಂದರೆ, ಭೂಮಿ ಹುಟ್ಟುವುದಕ್ಕೂ ಮುಂಚೆ ನಕ್ಷತ್ರಗಳ ಆಚೆಯಿಂದ ಬಂದ ಒಂದು ಜೀವ ಅಲ್ಲಿನ ಬಚ್ಚಲಿನ ತೂಬಿನಲ್ಲಿ ಮಲಗಿದೆ. ಹೆಸರು ಅನಾದಿ. ಏಳು ಕೈ, ಮುಖವಿಲ್ಲ. ನೀನು ಪಾತ್ರೆ ತೊಳೆಯುತ್ತಿದ್ದ ಹಾಗೆ ಅದು ಮೆಲ್ಲಗೆ ಏಳುತ್ತದೆ. ಆಡುವವರಿಗೆ ಹೆದರಿಕೆಯೂ ಆಗಬೇಕು, ನಗುವೂ ಬರಬೇಕು. ಆಟದ ಹೆಸರು 'ಅನಾದಿ ಮತ್ತು ಪೊರಕೆ'. ಯಾರು ಬೇಕಾದರೂ ಬಿಟ್ಟಿಯಾಗಿ ಆಡಬಹುದು. ಮೇ ಕೊನೆಯಲ್ಲಿ ಇಂಥ ಪುಟ್ಟ ಆಟಗಳ ಪ್ರದರ್ಶನವಿದೆ, ಅಲ್ಲಿಗೆ ಕೊಟ್ಟೇ ಕೊಡುತ್ತೇನೆ.

ರಾಕ್ಷಸ ತಯಾರಿದೆ. ಸುಳ್ಳಾಗಿರುವುದು ಮನೆಗೆಲಸ. ನನ್ನ ರೂಮಿನಲ್ಲಿ ಜೊತೆಗಿರುವ, ಡ್ರಮ್ ಬಾರಿಸುವ ಹುಡುಗಿ ಆಡಿ ನೋಡಿ, "ಇದನ್ನ ಮಾಡ್ದೋರು ಜನ್ಮದಲ್ಲಿ ಪೊರಕೆ ಹಿಡಿದಿಲ್ಲ" ಎಂದಳು. ನಿಜ ತಾನೆ? ನಾನು ಗುಡಿಸಿದ್ದು ನಿನಗೆ ಯಾವತ್ತೂ ಹಿಡಿಸುತ್ತಿರಲಿಲ್ಲ. ಕೈಯಿಂದ ಕಿತ್ತುಕೊಂಡು ನೀನೇ ಗುಡಿಸಿಬಿಡುತ್ತಿದ್ದೆ.

ಒಂದು ರೂಮನ್ನು ನೀನು ಯಾವ ಕ್ರಮದಲ್ಲಿ ಶುಚಿ ಮಾಡುತ್ತೀ ಅಂತ ಮೊದಲಿಂದ ಕೊನೆಯವರೆಗೆ ಬರೆದು ಕಳಿಸುತ್ತೀಯಾ? ಬೇರೇನೂ ಬರೆಯದಿದ್ದರೂ ಸರಿ.

ನಿನ್ನ ಮಗಳು

*

ಫೆಬ್ರವರಿ 13

ಮೆಣಸಿನಕಾಯಿ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಬೇಕಂತೆ. ಹದಿನಾಲ್ಕು ತಿಂಗಳು ನಂಬುವುದಕ್ಕೆ ನನ್ನ ಹತ್ತಿರ ಏನಿತ್ತು ಹೇಳು. ಇರಲಿ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಕೆಲಸದ ವಿಷಯದಲ್ಲಿ ನಾನು ಯಾರ ಮೇಲೂ ಹಗೆ ಸಾಧಿಸುವವಳಲ್ಲ.

ಮೊದಲು ಕಿಟಕಿ ತೆಗೆ. ಹಿಂದಿನ ರಾತ್ರಿ ಉಳಿದವರ ಉಸಿರು ಆಚೆ ಹೋಗಲಿ. ಆಮೇಲೆ ಹಾಸಿಗೆ. ಚಾದರವನ್ನು ಕೊಡವಬೇಡ, ಒಳಮುಖವಾಗಿ ಸುತ್ತು. ಧೂಳು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಫ್ಯಾನು, ಬೀರುವಿನ ತಲೆ, ಮೇಜು, ಕುರ್ಚಿಯ ಕಾಲು. ನೆಲ ಒರೆಸಿದ ಮೇಲೆ ಫ್ಯಾನು ಒರೆಸುವವರು ನಮ್ಮ ಲಾಡ್ಜಿನಲ್ಲಿ ಎರಡು ದಿನ ಉಳಿಯುವುದಿಲ್ಲ. ಒಣ ಕೆಲಸ ಮುಗಿದ ಮೇಲೆ ಹಸಿ ಕೆಲಸ. ಬೇಸಿನ್ನಿನಲ್ಲಿರುವ ಕೂದಲನ್ನು ಒಣಗಿದ್ದಾಗಲೇ ಹೆಕ್ಕಬೇಕು. ನೀರು ಬಿಟ್ಟರೆ ತೂಬು ಕಟ್ಟಿಕೊಳ್ಳುತ್ತದೆ.

ಹೌದು, ಬೇರೆಯವರ ಕೂದಲು. ನಾನು ಮ್ಯಾನೇಜರಿಗೆ ಹೇಳಿ ನಮ್ಮ ಲಾಡ್ಜಿನಲ್ಲೇ ನಿನಗೆ ಹಿಡಿದುಕೊಟ್ಟ ಕೆಲಸಕ್ಕೆ, ಲಾಂಡ್ರಿ ಅಕ್ಕನ ಎದುರಿಗೆ, ನನ್ನ ಕೈಕೆಳಗೆ ದುಡಿಯುವ ಆರು ಜನರ ಎದುರಿಗೆ ನೀನು ಕೊಟ್ಟ ಉತ್ತರ ನೆನಪಿದೆಯಾ? "ಜೀವಮಾನ ಪೂರ್ತಿ ಬೇರೆಯವರ ಕೂದಲು ಹೆಕ್ಕೋಕೆ ನಾನು ಹುಟ್ಟಿಲ್ಲ." ಅದೇ ಕೂದಲು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನಗಂತೂ ಹೋಗಿಲ್ಲ, ಇಲ್ಲೇ ಇದೆ.

ಕನ್ನಡಿ ಆಮೇಲೆ. ನೆಲ ಕೊನೆಗೆ. ಒಳಮೂಲೆಯಿಂದ ಹಿಂದೆ ಹಿಂದೆ ಬರುತ್ತಾ ಬಾಗಿಲಿಗೆ ಬರಬೇಕು. ಬಕೆಟ್ಟನ್ನು ಆಚೆ ಇಟ್ಟು, ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ ತಿರುಗಿ ನೋಡಬೇಕು. ಇದು ಬಹಳ ಮುಖ್ಯ. ತಿರುಗಿ ನೋಡದೆ ಬಂದ ರೂಮು ಮುಗಿದ ರೂಮಲ್ಲ.

ಹೊಟ್ಟೆ ತುಂಬ ಊಟ ಮಾಡು.

ಅಮ್ಮ
(ಎರಡನೇ ಮಹಡಿ, ಹದಿನಾರು ರೂಮುಗಳ ಉಸ್ತುವಾರಿ)

*

ಮಾರ್ಚ್ 2

ಅಮ್ಮನಿಗೆ,

ನೀನು ಬರೆದದ್ದನ್ನೆಲ್ಲ ಆಟಕ್ಕೆ ಹಾಕಿದೆ. ಕೂದಲನ್ನೂ ಹಾಕಿದ್ದೇನೆ. ಈಗ ಅದು ಮನೆಯ ಹಾಗಿದೆ. ಆಟಕ್ಕೆ ಸದ್ದು ಮಾಡಿಕೊಡುವ ಡ್ರಮ್ಮಿನವಳು ತೂಬಿನ ಸದ್ದಿಗೆ ಮೂರು ದಿನ ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಗಂಟಲು ಕಟ್ಟಿಕೊಂಡು ಕೂತಿದ್ದಾಳೆ.

ಕಾಗದದ ಜೊತೆ ಪೆನ್ ಡ್ರೈವ್ ಇದೆ. ಕೌಂಟರಿನಲ್ಲಿ ಕೂರುವ ಹುಡುಗಿಯನ್ನು ಕೇಳು, ಮಧ್ಯಾಹ್ನದ ಬಿಡುವಿನಲ್ಲಿ ಹಾಕಿಕೊಡುತ್ತಾಳೆ. ಬಾಣದ ಗುರುತಿನ ಬಟನ್ನುಗಳು ನಡೆಯಲು, ತಿರುಗಲು. ಉದ್ದನೆಯ ಬಟನ್ ಒತ್ತಿದರೆ ಕೈಗೆ ತೆಗೆದುಕೊಳ್ಳುತ್ತೀ, ಇನ್ನೊಂದು ಸಲ ಒತ್ತಿದರೆ ಎದುರಿಗೆ ಇರುವುದರ ಮೇಲೆ ಇಡುತ್ತೀ. ಅಷ್ಟೇ.

ನಿನ್ನ ಕೊನೆಯ ನಿಯಮ ಒಂದನ್ನು ಮಾತ್ರ ಹಾಕಲು ಆಗಲಿಲ್ಲ. ಆಟದಲ್ಲಿ ಅದು ಉಲ್ಟಾ. ಕೆಲಸ ಮುಗಿಸಿ ಬಾಗಿಲಿಗೆ ಬಂದಾಗ ಅನಾದಿ ನಿನ್ನ ಬೆನ್ನ ಹಿಂದೆ ನಿಂತಿರುತ್ತದೆ. ತಿರುಗಿ ನೋಡಿದೆಯೋ, ನುಂಗಿತು. ನೇರ ಆಚೆ ಹೋದರೆ ಗೆದ್ದೆ. 'ಬಾಗಿಲಲ್ಲಿ ತಿರುಗಿ ನೋಡಬಾರದು' ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದೇ ಇದೆ. ಇಡೀ ಆಟ ನಿಂತಿರುವುದು ಆ ಒಂದು ಮಾತಿನ ಮೇಲೆ.

ಆಡಿ ನೋಡಿ ಹೇಳು. ಮುಲಾಜು ಬೇಡ.

ನಿನ್ನ ಮಗಳು

*

ಮಾರ್ಚ್ 11

ಮೆಣಸಿನಕಾಯಿ,

ಮುಲಾಜು ಬೇಡ ಎಂದಿದ್ದೀ, ಸರಿ.

ಕೌಂಟರಿನ ಹುಡುಗಿ ಹಾಕಿಕೊಟ್ಟಳು. ಲಾಂಡ್ರಿ ಅಕ್ಕ ಊಟದ ಡಬ್ಬಿ ಬಿಚ್ಚಿಕೊಂಡು ಪಕ್ಕದಲ್ಲಿ ಕೂತಳು. ಒಳಗೆ ಹೋದೆ. ಹೋದ ತಕ್ಷಣ ಬಚ್ಚಲ ಗೋಡೆಯ ಮೇಲೆ ಒಂದು ಕಪ್ಪು ಕಲೆ ಕಾಣಿಸಿತು. ಒರೆಸಿದೆ. ಕಿಟಕಿ ತೆಗೆದೆ. ಆಚೆ ಆಕಾಶದಲ್ಲಿ ಏನೋ ಕಣ್ಣುಗಳಿದ್ದವು, ಗಾಜಿನ ಮೇಲೆ ಬೆರಳಿನ ಗುರುತೂ ಇತ್ತು. ಗುರುತು ಒರೆಸಿದೆ. ಐದು ಮೂಲೆಯ ಚಾದರ ಮಡಿಸಲು ಹೇಳಿತು. ಜನ ಅದನ್ನು ನೋಡಿ ಕಿರುಚಬೇಕು ಎಂದು ನಿನ್ನ ಎಣಿಕೆ ಇರಬೇಕು. ಮಗಳೇ, ಇಲಾಸ್ಟಿಕ್ ಹೊಲಿದ ಚಾದರವನ್ನು ದಿನಕ್ಕೆ ಹದಿನಾರು ಮಡಿಸುವವಳಿಗೆ ಐದು ಮೂಲೆ ಯಾವ ಲೆಕ್ಕ? ನಾಲ್ಕು ನಿಮಿಷಕ್ಕೆ ಮನೆ ಫಳಫಳ ಅಂದಿತು. ಆಮೇಲೆ ಸುಮ್ಮನೆ ನಿಂತು ಕಾದೆ. "ಎಲ್ಲಿ, ನಿನ್ನ ಮಗಳ ಭೂತ ಇನ್ನೂ ಎದ್ದಿಲ್ವಲ್ಲ?" ಎಂದಳು ಲಾಂಡ್ರಿ ಅಕ್ಕ. ಕೌಂಟರಿನ ಹುಡುಗಿ ಹೇಳಿದಳು, ಆ ಕಲೆಯೇ ಭೂತದ ಬೀಜವಂತೆ. ಎಲ್ಲರೂ ಅದನ್ನು ಹಾಗೇ ಬಿಡುತ್ತಾರಂತೆ, ಅದು ಬೆಳೆದು ಮನೆ ತುಂಬುತ್ತದಂತೆ. ಕಲೆಯನ್ನು ಯಾರಾದರೂ ಹಾಗೇ ಬಿಡುತ್ತಾರೇನೇ?

ಇನ್ನು ನಿನ್ನ ಬಚ್ಚಲಪ್ಪನ ವಿಷಯ. (ಅನಾದಿ ಎನ್ನಲು ನನ್ನ ನಾಲಿಗೆ ತಿರುಗುವುದಿಲ್ಲ.) ಕಲೆ ಒರೆಸಿದರೂ ಬಾಗಿಲಲ್ಲಿ ಮಾತ್ರ ಅದು ಬಂದೇ ಬರುತ್ತದಂತೆ. ಬಾಗಿಲಿಗೆ ಬಂದೆ, ಬಕೆಟ್ ಆಚೆ ಇಟ್ಟೆ, ತಿರುಗಿ ನೋಡಿದೆ. ನುಂಗಿತು. 'ನೀವು ನೋಡಿದಿರಿ. ಇನ್ನು ನೀವಿಲ್ಲ' ಎಂದು ಬಂತು. ಮತ್ತೆ ಮೊದಲಿಂದ ಗುಡಿಸಿದೆ. ಮತ್ತೆ ತಿರುಗಿದೆ. ಮತ್ತೆ ನುಂಗಿತು. ಮೂರನೆಯ ಸಲವೂ ಅದೇ. ಗೋಡೆಯ ಮೇಲಿನ ಬರಹವನ್ನು ಓದಿದೆ. ಓದಿದವಳೇ ಒದ್ದೆ ಬಟ್ಟೆಯಿಂದ ಅದನ್ನೂ ಒರೆಸಿದೆ, ಹೋಗಲಿಲ್ಲ. ಬಟನ್ ಸರಿಯಿಲ್ಲ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಲಾಂಡ್ರಿ ಅಕ್ಕ ನಕ್ಕಳು. ಅವಳ ಮುಂದೆ ನಾನು ಸೋಲುವುದಿಲ್ಲ. ನಾಳೆ ಮತ್ತೆ ಆಡುತ್ತೇನೆ.

ಕೂದಲು ಹಾಕಿದ್ದೇನೆ ಎಂದು ಬರೆದಿದ್ದೀ. ನೋಡಿದೆ, ಚೆನ್ನಾಗಿ ಬರೆದಿದ್ದೀ ಚಿತ್ರವನ್ನು. ನಾನು ಬರೆದ ಮಾತಿಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀ.

ಅಮ್ಮ

*

ಮಾರ್ಚ್ 19

ಅಮ್ಮ,

ಏಳು ತಿಂಗಳು ಕೂತು ಮಾಡಿದ ಭಯವನ್ನು ನಾಲ್ಕು ನಿಮಿಷದಲ್ಲಿ ಒರೆಸಿ ಬಕೆಟ್ಟಿಗೆ ಹಿಂಡಿದೆಯಲ್ಲ, ಶಹಬ್ಬಾಸ್. ನಗು ಬಂತು, ಅಳುವೂ ಬಂತು. ಕಲೆಯನ್ನು ಬೀರುವಿನ ಹಿಂದೆ ಸರಿಸಿದ್ದೇನೆ. ಈಗ ನೋಡೋಣ.

ಬಾಗಿಲಿನ ನಿಯಮ ಬದಲಾಗುವುದಿಲ್ಲ. ತಿರುಗಬೇಡ, ಅಷ್ಟೇ. ಬಲಗೈ ಬೆರಳನ್ನು ಬಟನ್ನಿನಿಂದ ಎತ್ತಿಬಿಡು. ತಿರುಗಿ ನೋಡಿದರೆ ಯಾರಿಗೂ ಹೋಗಲು ಆಗುವುದಿಲ್ಲ ಅಮ್ಮ. ಈ ಆಟದಲ್ಲಿ ನನಗೆ ಹೇಳಬೇಕಾಗಿರುವುದು ಅದೊಂದೇ.

ಮಗಳು

*

ಮಾರ್ಚ್ 27

ಮೆಣಸಿನಕಾಯಿ,

ಹತ್ತೊಂಬತ್ತು ಸಲ ಆಯಿತು. ಬೀರು ಸರಿಸಿ ಹಿಂದೆ ಒರೆಸುವುದು ನನಗೆ ಹೊಸತಲ್ಲ, ಆ ಕಲೆಯೂ ಹೋಯಿತು. ಬಾಗಿಲಲ್ಲಿ ಮಾತ್ರ ಹತ್ತೊಂಬತ್ತು ಸಲವೂ ನುಂಗಿಸಿಕೊಂಡಿದ್ದೇನೆ. ಬೆರಳು ಎತ್ತು ಎಂದೆ, ಎತ್ತಿದೆ. ಎತ್ತಿದ ಬೆರಳು ತಾನಾಗಿ ಇಳಿದು ತಿರುಗಿಸುತ್ತದೆ. ನಿನ್ನೆ ಕೌಂಟರಿನ ಹುಡುಗಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ಇನ್ನೊಂದು ಕೈಯಿಂದ ಒತ್ತಿದೆ. ಇಪ್ಪತ್ತೆರಡು ವರ್ಷ ರೂಮು ಗುಡಿಸಿದ ಕೈ ಕಣೇ ಇದು, ನನ್ನ ಮಾತೇ ಕೇಳುವುದಿಲ್ಲ.

ಯಾಕೆ ತಿರುಗುತ್ತೇನೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಈಗ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇಗ ಮುಗಿಸಿ ಭೇಷ್ ಎನ್ನಿಸಿಕೊಳ್ಳುವ ಆತುರಕ್ಕೆ ನಾನು ತಿರುಗದೆ ಬಂದುಬಿಟ್ಟಿದ್ದೆ. ಆ ರೂಮಿನಲ್ಲಿದ್ದ ಅಜ್ಜನ ಕಿವಿಯ ಮಿಷನ್ ದಿಂಬಿನ ಪಕ್ಕ ಇತ್ತಂತೆ. ಚಾದರದ ಜೊತೆ ಸುತ್ತಿಕೊಂಡು ಲಾಂಡ್ರಿಗೆ ಹೋಯಿತು, ಬಿಸಿನೀರಿನಲ್ಲಿ ಬೆಂದು ಬಂತು. ಆ ಅಜ್ಜ ಕೌಂಟರಿನ ಎದುರು ನಿಂತಿದ್ದರು. ನಾವು ನಾಲ್ಕು ಜನ ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದೆವು, ಅವರಿಗೆ ಒಂದೂ ಕೇಳಿಸುತ್ತಿರಲಿಲ್ಲ. ನಗುತ್ತಾ ತಲೆ ಆಡಿಸಿ ಹೋದರು. ನಾನು ಕ್ಷಮೆ ಕೇಳಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ತಿರುಗದೆ ಒಂದು ರೂಮನ್ನೂ ಬಿಟ್ಟಿಲ್ಲ.

ಇನ್ನೊಂದು ಮಾತು. ಹೇಳಬಾರದು ಎಂದುಕೊಂಡಿದ್ದೆ, ಹೇಳಿಯೇ ಬಿಡುತ್ತೇನೆ. ನೀನು ಹೋದ ದಿನ ನಾನು ಬಸ್ ನಿಲ್ದಾಣಕ್ಕೆ ಬಂದಿದ್ದೆ. ಜಗಳವಾಗಿದ್ದರೂ ಬಂದಿದ್ದೆ. ನೀನು ಬಸ್ ಹತ್ತಿದೆ, ಕೂತೆ. ನಾನು ಕೈ ಎತ್ತಿಕೊಂಡು ನಿಂತಿದ್ದೆ. ನೀನು ತಿರುಗಿ ನೋಡಲಿಲ್ಲ. ಬಸ್ಸು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಮರೆಯಾದ ಮೇಲೆ, ನೋಡಿದವರು ಏನಂದುಕೊಂಡಾರು ಎಂದು ತಲೆ ಕೆರೆದುಕೊಳ್ಳುವವಳ ಹಾಗೆ ಕೈ ಇಳಿಸಿದೆ. ಆ ಕೂದಲಿನ ಮಾತಿಗಿಂತ ಇದು ಹೆಚ್ಚು ಉರಿಯಿತು ನನಗೆ. ನನ್ನ ಮಗಳಿಗೆ ಇಲ್ಲಿ ಬಿಟ್ಟುಹೋಗುವಂಥದ್ದು ಏನೂ ಇರಲಿಲ್ಲ ಎಂದುಕೊಂಡೆ.

ಈಗ ನೀನು ಅದನ್ನೇ ಆಟದ ನಿಯಮ ಮಾಡಿದ್ದೀ. ಗೋಡೆಯ ಮೇಲೂ ಬರೆದಿದ್ದೀ. ಬರೆದುಕೋ. ನಾನು ತಿರುಗುವುದನ್ನು ಬಿಡುವುದಿಲ್ಲ. ನಿನ್ನ ಬಚ್ಚಲಪ್ಪ ನುಂಗುವುದನ್ನು ಬಿಡುತ್ತದೋ, ನಾನು ತಿರುಗುವುದನ್ನು ಬಿಡುತ್ತೇನೋ ನೋಡಿಯೇ ಬಿಡೋಣ.

ಅಮ್ಮ

*

ಏಪ್ರಿಲ್ 20

ಮಗಳೇ,

ಮೂರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ನಾನು ಜಾಸ್ತಿ ಬರೆದೆನೇನೋ. ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಊಟ ಬಿಟ್ಟು ಕೂತಿದ್ದರೆ ಅದು ನನಗೆ ಬೇಡ.

ಇವತ್ತು ಬರೆಯುತ್ತಿರುವುದು ಬೇರೆ ಸುದ್ದಿಗೆ. ನಲವತ್ತೊಂದನೇ ಸಲ ಏನಾಯಿತು ಗೊತ್ತಾ? ಒರೆಸುವ ಬಟ್ಟೆ ಕೈಯಲ್ಲೇ ಉಳಿದಿತ್ತು. ಬಾಗಿಲಲ್ಲಿ ತಿರುಗಿದೆ. ಬಚ್ಚಲಪ್ಪ ಏಳೂ ಕೈ ಚಾಚಿಕೊಂಡು ನಿಂತಿದ್ದ. ಗಾಬರಿಯಲ್ಲಿ ಉದ್ದನೆಯ ಬಟನ್ ಒತ್ತಿಬಿಟ್ಟೆ. ಬಟ್ಟೆ ಅವನ ಕೈಗೆ ಹೋಯಿತು! ನುಂಗಲಿಲ್ಲ. ಬಟ್ಟೆ ಹಿಡಿದುಕೊಂಡು ಬಾಲ ಮುದುರಿದ ನಾಯಿಯ ಹಾಗೆ ನಿಂತ. ನಾನು ಓಡಿಹೋಗಿ ಪೊರಕೆ ತಂದು ಎರಡನೇ ಕೈಗೆ ಕೊಟ್ಟೆ, ಬಕೆಟ್ಟನ್ನು ಮೂರನೆಯದಕ್ಕೆ. ಎಲ್ಲ ಇಸಿದುಕೊಂಡ. ಲಾಂಡ್ರಿ ಅಕ್ಕ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆದಳು. ಮ್ಯಾನೇಜರು ಏನು ಗಲಾಟೆ ಎಂದು ಬಂದವರು, "ಇವನಿಗೆ ಸಂಬಳ ಎಷ್ಟು?" ಎಂದು ಕೇಳಿ ಹೋದರು.

ಇದನ್ನು ನೀನು ಬೇಕೆಂದೇ ಒಳಗೆ ಬಚ್ಚಿಟ್ಟಿದ್ದೆ ಅಲ್ಲವಾ? ಬಹಳ ಚೆನ್ನಾಗಿದೆ. ಏಳು ಕೈ ಇಟ್ಟುಕೊಂಡು ಒಬ್ಬರು ಸುಮ್ಮನೆ ಬೆನ್ನ ಹಿಂದೆ ನಿಂತಿದ್ದರೆ ನನಗೂ ಮೊದಲಿಂದ ಕಸಿವಿಸಿಯೇ ಆಗುತ್ತಿತ್ತು.

ಒಂದು ಸಾಲಾದರೂ ಬರೆ.

ಅಮ್ಮ

*

ಏಪ್ರಿಲ್ 29

ಅಮ್ಮ,

ಬಚ್ಚಿಟ್ಟಿರಲಿಲ್ಲ. ಅದು ನನ್ನ ತಪ್ಪು.

ನಿನ್ನ ಕಾಗದ ಓದಿ ಕಂಪ್ಯೂಟರ್ ತೆಗೆದು ಎರಡು ಗಂಟೆ ಹುಡುಕಿದೆ. ಅನಾದಿಯನ್ನು ಮಾಡುವಾಗ ಸೋಮಾರಿತನಕ್ಕೆ ಬೀರುವನ್ನು ನಕಲು ಮಾಡಿ, ಅದರ ಮೇಲೆ ಏಳು ಕೈ ಅಂಟಿಸಿದ್ದೆ. ಬೀರುವಿನೊಳಗೆ ಸಾಮಾನು ಇಡಬಹುದಲ್ಲ, ಆ ಗುಣ ಹಾಗೇ ಉಳಿದುಬಿಟ್ಟಿದೆ. ನಕ್ಷತ್ರಗಳ ಆಚೆಯಿಂದ ಬಂದ ಮಹಾಭಯ ನಿಜವಾಗಿ ಒಂದು ಬಟ್ಟೆಯ ಬೀರು. ಡ್ರಮ್ಮಿನವಳು ನಕ್ಕು ನಕ್ಕು ಹಾಸಿಗೆಯಿಂದ ಕೆಳಗೆ ಬಿದ್ದಳು. ಇಲ್ಲಿ ಆಡಿದವರು ಇಪ್ಪತ್ತು ಜನ. ಒಬ್ಬರೂ ಇದನ್ನು ಕಂಡಿರಲಿಲ್ಲ, ಯಾಕೆಂದರೆ ಅವರಲ್ಲಿ ಒಬ್ಬರೂ ತಿರುಗಲಿಲ್ಲ.

ಮೂರು ವಾರ ಯಾಕೆ ಬರೆಯಲಿಲ್ಲ ಎಂದರೆ, ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಅಂಗಡಿಗೂ ಒಯ್ಯುತ್ತಿದ್ದೆ, ಮನೆಗೂ ತರುತ್ತಿದ್ದೆ. ಮಡಿಕೆಯಲ್ಲಿ ಹರಿಯಿತು, ಟೇಪು ಹಚ್ಚಿದ್ದೇನೆ.

ಬಸ್ಸಿನಲ್ಲಿ ನಾನು ತಿರುಗಲಿಲ್ಲ, ನಿಜ. ನೀನು ಬಂದಿದ್ದೀ ಎಂದು ಗೊತ್ತಿತ್ತು. ನಿನ್ನ ಚಪ್ಪಲಿಯ ಸದ್ದು ನನಗೆ ಗೊತ್ತಿಲ್ಲವಾ? ತಿರುಗಿದ್ದರೆ ಇಳಿದುಬಿಡುತ್ತಿದ್ದೆ ಅಮ್ಮ. ಇಳಿದು, ಮಾರನೇ ದಿನ ನಿನ್ನ ಹಿಂದೆ ಬಕೆಟ್ ಹಿಡಿದು ನಿಂತಿರುತ್ತಿದ್ದೆ, ಒಳಗೊಳಗೇ ನಿನ್ನನ್ನು ಬೈದುಕೊಂಡು. ಹಾಗಾಗುವುದು ಬೇಡ ಎಂದು ಕತ್ತು ಬಿಗಿಹಿಡಿದು ಕೂತಿದ್ದೆ. ಎರಡು ದಿನ ಕತ್ತು ನೋಯುತ್ತಿತ್ತು. ಬಿಟ್ಟುಹೋಗುವಂಥದ್ದು ಏನೂ ಇರಲಿಲ್ಲ ಎಂದು ಇನ್ನೊಂದು ಸಲ ಬರೆಯಬೇಡ.

ಕೂದಲಿನ ಮಾತು ಆಡಿದ್ದು ನಾನೇ. ಆರು ಜನರ ಎದುರಿಗೆ ಆಡಿದೆ. ಅದು ತಪ್ಪು. ನಿನ್ನ ಕೆಲಸಕ್ಕೆ ನಾಚಿಕೊಂಡದ್ದು ಇನ್ನೂ ದೊಡ್ಡ ತಪ್ಪು. ಆ ಕೆಲಸ ನನಗೆ ಬೇಡ ಎಂದದ್ದು ಮಾತ್ರ ಇವತ್ತಿಗೂ ಸರಿ, ಅದರಲ್ಲಿ ಹಿಂದೆ ಸರಿಯುವುದಿಲ್ಲ. ಇಷ್ಟನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೀಯಾ?

ಬೀರುವಿನ ಗುಣವನ್ನು ಅಳಿಸಲು ಒಂದು ನಿಮಿಷ ಸಾಕು. ಅಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅದನ್ನೇ ಸರಿಯಾಗಿ ಬೆಳೆಸುತ್ತೇನೆ. ತಿರುಗಿ ನೋಡಿ, ಹೆದರದೆ, ಕೈಯಲ್ಲಿದ್ದದ್ದನ್ನು ಕೊಟ್ಟವರಿಗೆ ಬೇರೆಯೇ ಕೊನೆ ಇರುತ್ತದೆ. ಉಳಿದಿರುವುದು ಒಂದು ತಿಂಗಳು. ನೀನು ಹೊಸಬರಿಗೆ ಕೆಲಸ ಕಲಿಸುವುದು ಹೇಗೆ? ಅದನ್ನು ಬೇಗ ಬರೆ.

ನಿನ್ನ ಮೆಣಸಿನಕಾಯಿ

*

ಮೇ 7

ಮೆಣಸಿನಕಾಯಿ,

ನಿನ್ನ ಕಾಗದವನ್ನು ಲಾಂಡ್ರಿಯಲ್ಲಿ ಚಾದರದ ರಾಶಿಯ ಹಿಂದೆ ಕೂತು ಓದಿದೆ. ಅಕ್ಕ ಒಂದು ಟವೆಲ್ ಕೊಟ್ಟು ಹೋದಳು. ಒಗೆದ ಟವೆಲ್ಲೇ ಕೊಟ್ಟಳು, ಅಷ್ಟು ಪುಣ್ಯ.

ಹೊಟ್ಟೆಗೆ ಹಾಕಿಕೊಂಡಿದ್ದೇನೆ. ನೀನು ಕೆಲಸ ಬೇಡ ಎಂದದ್ದಕ್ಕೆ ನನಗೆ ಕೋಪವಿರಲಿಲ್ಲವೇ. ಎಂದ ರೀತಿಗೆ ಕೋಪ. ನಾನೂ ನಿನ್ನನ್ನು ಒಂದು ಮಾತು ಕೇಳದೆ ಮ್ಯಾನೇಜರಿಗೆ ಹೂಂ ಎಂದುಬಿಟ್ಟಿದ್ದೆ. ಅದನ್ನು ನಾನೂ ಒಪ್ಪಿಕೊಳ್ಳಬೇಕು.

ಈಗ ಕೆಲಸ. ಹೊಸಬರಿಗೆ ಮೊದಲ ದಿನವೇ ಬಚ್ಚಲು ಕೊಡಬೇಡ, ಓಡಿಹೋಗುತ್ತಾರೆ. ನಿನ್ನವನು ಬಚ್ಚಲಿನಿಂದಲೇ ಬಂದವನು, ಆದರೂ ಬೇಡ. ಮೊದಲು ಒಂದು ಬಟ್ಟೆ, ಒಂದು ಮೇಜು, ಅಷ್ಟೇ. ಅವರು ಒರೆಸುವಾಗ ಬೆನ್ನ ಹಿಂದೆ ನಿಂತು ನೋಡಬೇಡ, ಕೈ ನಡುಗುತ್ತದೆ. ತಪ್ಪು ಮಾಡಿದರೆ ಕೈಯಿಂದ ಕಿತ್ತುಕೊಳ್ಳಬೇಡ. (ಇದನ್ನು ಬರೆಯುವಾಗ ನನ್ನ ಮುಖ ಹೇಗಿತ್ತು ಎಂದು ನೀನೇ ಊಹಿಸಿಕೋ. ಹದಿನಾರು ರೂಮಿನ ಕೆಲಸದವರಿಗೆ ಕಲಿಸಿದ್ದನ್ನು ಮನೆಯಲ್ಲಿ ಮರೆತಿದ್ದೆ.) ಏಳು ಕೈಗೂ ಒಂದೇ ಸಲ ಕೆಲಸ ಹೇಳಬೇಡ. ಒಂದು ಕೈ ಯಾವಾಗಲೂ ಖಾಲಿ ಇರಲಿ. ಬಾಗಿಲು ತೆಗೆಯಲು ಬೇಕಾಗುತ್ತದೆ. ಮುಗಿದ ಮೇಲೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳು. ಮುಖವಿಲ್ಲದವನಿಗೂ ಅದು ಕೇಳಿಸುತ್ತದೆ.

ಇಡೀ ಎರಡನೇ ಮಹಡಿ ಈಗ ಆಡುತ್ತಿದೆ. ಲಾಂಡ್ರಿ ಅಕ್ಕನನ್ನು ನಿನ್ನೆ ಎಂಟು ಸಲ ನುಂಗಿದ. ಅವಳು ಅವನ ಕೈಗೆ ಏನೂ ಕೊಡುವುದಿಲ್ಲವಂತೆ. "ನನ್ ಸಾಮಾನು ನಾನ್ ಯಾರಿಗೂ ಕೊಡಲ್ಲ" ಎನ್ನುತ್ತಾಳೆ. ಇವಳಿಗೂ ಒಂದು ದಾರಿ ಮಾಡು.

ಬೆನ್ನು ನೆಟ್ಟಗೆ ಇಟ್ಟು ಕೂರು. ಮುಗಿಸು. ಮುಗಿಸದೆ ಬಿಟ್ಟರೆ ನಾನೇ ಬಸ್ ಹತ್ತಿ ಬರುತ್ತೇನೆ.

ಅಮ್ಮ

*

ಜೂನ್ 3

ಅಮ್ಮ,

ಮುಗಿಸಿದೆ! ಪ್ರದರ್ಶನವೂ ಆಯಿತು.

ದೊಡ್ಡ ಸಭಾಂಗಣ, ಗೋಡೆಯುದ್ದಕ್ಕೂ ಮೇಜುಗಳು. ನನ್ನದು ಕೊನೆಯ ಮೇಜು, ಶೌಚಾಲಯದ ಬಾಗಿಲ ಪಕ್ಕ. ಡ್ರಮ್ಮಿನವಳು, "ಅನಾದಿಗೆ ತೌರುಮನೆ ಹತ್ರ ಆಯ್ತು" ಎಂದಳು. ಬಹುಮಾನ ಬರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನೀನು ಸಾಲುಗಳ ನಡುವೆ ಹುಡುಕಬಾರದು. ಆದರೆ ಎರಡು ದಿನದಲ್ಲಿ ಅರವತ್ತಮೂರು ಜನ ಆಡಿದರು, ನನ್ನ ಮೇಜಿನಲ್ಲಿ ನಗು ನಿಂತೇ ಇರಲಿಲ್ಲ.

ಗೋಡೆಯ ಬರಹವನ್ನು ಹಾಗೇ ಬಿಟ್ಟಿದ್ದೆ. ಎಲ್ಲರೂ ಓದಿದರು. ಓದಿ, ಬುದ್ಧಿವಂತರ ಹಾಗೆ ನೇರ ಆಚೆ ಹೋದರು, ನೆಂಟರು ಬಂದರು, ಗೆದ್ದರು, ಎದ್ದುಹೋದರು. ಮೊದಲ ದಿನ ಪೂರ್ತಿ ನಾನು ಮಾಡಿದ ಎರಡನೇ ಕೊನೆಯನ್ನು ಒಬ್ಬರೂ ನೋಡಲಿಲ್ಲ. ಬರಹ ಅಳಿಸಿಬಿಡೋಣವೇ ಎಂದುಕೊಂಡೆ. ಅಷ್ಟರಲ್ಲಿ ಎರಡನೇ ದಿನ ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಸಭಾಂಗಣ ಗುಡಿಸಿ ಒರೆಸುವವರು, ಪ್ರದರ್ಶನ ನೋಡಲು ಬಂದವರಲ್ಲ. ಕೈಯಲ್ಲಿದ್ದ ಉದ್ದ ಕೋಲಿನ ಒರೆಸುಬಟ್ಟೆಯನ್ನು ಗೋಡೆಗೆ ಒರಗಿಸಿ, "ನಾನೂ ಒಂದ್ಸಲ ನೋಡ್ಲಾ?" ಎಂದರು. ಹೋದವರೇ ಬೀರು ಸರಿಸಿ ಕಲೆ ಒರೆಸಿದರು. ನಾನು ಅವರ ಪಕ್ಕಕ್ಕೆ ಸರಿದೆ. ಬಾಗಿಲಿಗೆ ಬಂದರು, ಬಕೆಟ್ ಆಚೆ ಇಟ್ಟರು. ಬರಹವನ್ನು ನೋಡಿ, "ಅದ್ಯಾರಪ್ಪ ಇದನ್ನ ಬರೆದಿದ್ದು" ಎನ್ನುತ್ತಾ ತಿರುಗಿದರು.

ಅನಾದಿ ಎದುರಿಗೆ ನಿಂತಿತ್ತು. ಅವರು ಒಂದು ಕ್ಷಣ ನೋಡಿ, "ಬಂದ್ಯಾ? ಹಿಡ್ಕೋ ಇದನ್ನ" ಎಂದು ಬಟ್ಟೆ ಕೊಟ್ಟರು.

ಆಮೇಲೆ ನಾನು ಮಾಡಿದ್ದೆಲ್ಲ ಬಂತು. ಅನಾದಿ ಮೇಜು ಒರೆಸಿತು. ಆರು ಕೈಯಲ್ಲಿ ಕೆಲಸ ಮಾಡಿತು, ಏಳನೇ ಕೈಯಿಂದ ನೆಂಟರಿಗೆ ಬಾಗಿಲು ತೆಗೆಯಿತು. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅಲ್ಲಿ 'ಕೆಲಸ ಕಲಿಸಿದವರು: ಎರಡನೇ ಮಹಡಿಯ ಉಸ್ತುವಾರಿ' ಎಂದು ಬಂತು. ಆ ಹೆಂಗಸು ಅದನ್ನು ಎರಡು ಸಲ ಓದಿದರು. "ಅವರು ಯಾರು?" ಎಂದರು. "ನಮ್ಮಮ್ಮ" ಎಂದೆ. ಅಷ್ಟು ಜನರ ಎದುರಿಗೆ, ಗಟ್ಟಿಯಾಗಿ ಹೇಳಿದೆ. ಆ ದಿನ ಆರು ಜನರ ಎದುರಿಗೆ ಆಡಿದ ಮಾತಿಗೆ ಇದು ಸಮವಾಗುವುದಿಲ್ಲ ಎಂದು ಗೊತ್ತು. ಆದರೂ ಹೇಳಿದೆ ಎಂದು ನಿನಗೆ ತಿಳಿದಿರಲಿ.

ಬರಹ ಅಳಿಸುವುದಿಲ್ಲ. ಇದು ಯಾರಿಗೆ ಸಿಗಬೇಕೋ ಅವರಿಗೆ ಸಿಗುತ್ತದೆ.

ಹದಿನಾಲ್ಕರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಅಂಗಡಿಯಲ್ಲಿ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ಮನೆ ಗುಡಿಸುವುದು ನಾನು. ನೀನು ಕಿತ್ತುಕೊಳ್ಳುವ ಹಾಗಿಲ್ಲ.

ಮೆಣಸಿನಕಾಯಿ

*

ಜೂನ್ 18

ಮೆಣಸಿನಕಾಯಿ,

ನಿನ್ನೆ ನೀನು ಹೋದ ಮೇಲೆ ಮನೆಗೆ ಬಂದು ನೀನು ಗುಡಿಸಿದ ನೆಲ ನೋಡಿದೆ. ಸೋಫಾದ ಕೆಳಗೆ ಹಾಗೇ ಇದೆ. ನಾನು ಮುಟ್ಟಿಲ್ಲ. ಮುಟ್ಟದೆ ಇರಲು ಎಷ್ಟು ಕಷ್ಟವಾಗುತ್ತಿದೆ ಎಂದು ಲಾಂಡ್ರಿ ಅಕ್ಕನನ್ನು ಕೇಳು. ಅವಳು ನಿನ್ನ ಆಟದಲ್ಲಿ ಕೊನೆಗೂ ತನ್ನ ಬಟ್ಟೆ ಬಿಟ್ಟುಕೊಟ್ಟಳು. "ಮಗು ಅಷ್ಟು ದೂರದಿಂದ ಬಂದು ಹೇಳ್ಕೊಟ್ಟಿದೆ, ಹೋಗ್ಲಿ" ಎಂದಳು. ನೀನು ಸ್ಟಾಫ್ ರೂಮಿಗೆ ಬಂದು ಅವಳಿಗೂ ಉಳಿದವರಿಗೂ ತಪ್ಪಾಯಿತು ಎಂದು ಹೇಳಿದ್ದನ್ನು ಇವತ್ತು ಬೆಳಿಗ್ಗೆಯೂ ಎಲ್ಲರೂ ನೆನೆಸಿಕೊಳ್ಳುತ್ತಿದ್ದರು. ಸಮವಾಯಿತು, ಸುಮ್ಮನಿರು.

ಈಗ ಬಸ್ಸಿನ ವಿಷಯ.

ನೀನು ಹತ್ತಿ ಕೂತೆ. ಬಸ್ಸು ಹೊರಟಿತು. ನೀನು ತಿರುಗಿದೆ. ಕಿಟಕಿಯಿಂದ ಅರ್ಧ ಆಚೆ ಬಂದು ತಿರುಗಿದೆ. ನಾನು ಕೈ ಎತ್ತಿ ಜೋರಾಗಿ ಆಡಿಸುತ್ತಿದ್ದೆ, ನೀನೂ ಕೈ ಆಡಿಸಿದೆ. ನಾನು ಇನ್ನೂ ಜೋರಾಗಿ ಆಡಿಸಿದೆ, ನೀನೂ ಇನ್ನೂ ಜೋರಾಗಿ ಆಡಿಸಿದೆ. ಪೆಟ್ರೋಲ್ ಬಂಕಿನ ಮೂಲೆಯವರೆಗೂ ಆಡಿಸಿಕೊಂಡೇ ಹೋದೆ, ಕಣ್ಣು ಒರೆಸಿಕೊಳ್ಳುತ್ತಾ.

ದಡ್ಡೀ, ನನ್ನ ಕೈಯಲ್ಲಿ ನಿನ್ನ ಬಾಚಣಿಗೆ ಇತ್ತು. ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ನೀನು ಬಸ್ ಹತ್ತಿದ್ದೆ. ಬಂದು ತಗೋ ಎಂದು ಆಡಿಸುತ್ತಿದ್ದೆ ನಾನು. ತಿರುಗಿ ನೋಡಿದರೆ ಸಾಲದು, ಏನು ಬಿಟ್ಟಿದ್ದೇವೆ ಎಂದೂ ನೋಡಬೇಕು. ಅರ್ಧ ಪಾಠ ಕಲಿತಿದ್ದೀ.

ಅದರ ತುಂಬ ಕೂದಲಿತ್ತು. ಕೂತು ಒಂದೊಂದಾಗಿ ಹೆಕ್ಕಿದೆ. ಬೇರೆಯವರದ್ದಲ್ಲವಲ್ಲ, ನಿಧಾನವಾಗಿಯೇ ಹೆಕ್ಕಿದೆ. ತೊಳೆದು, ಒರೆಸಿ, ಕನ್ನಡಿಯ ಪಕ್ಕ ಇಟ್ಟಿದ್ದೇನೆ.

ಅಂಚೆಯಲ್ಲಿ ಕಳಿಸುವುದಿಲ್ಲ. ಬಂದು ತೆಗೆದುಕೊಂಡು ಹೋಗು.

ಅಮ್ಮ